ಪಾಠ ಮುಗಿದ ಮೇಲೆ ಗಿನಿಪಿಗ್ ಎಲ್ಲಿಗೆ ಹೋಗುತ್ತದೆ?

ಪಾಠ ವೀಕ್ಷಣೆಯ ನನ್ನ ಪುಸ್ತಕದಲ್ಲಿ ಒಂದು ಪುಟವನ್ನು ನಾನು ಆಗಾಗ ತೆರೆದು ಓದುತ್ತೇನೆ. ಇಂಟರ್ನ್‌ಶಿಪ್ ಅವಧಿಯ ಆಗಸ್ಟ್ ತಿಂಗಳು, ಏಳನೆಯ ತರಗತಿ, ವಿಜ್ಞಾನ, ಘಟಕ ‘ಪ್ರಾಣಿಗಳಲ್ಲಿ ಪೋಷಣೆ’. ಬೋಧನೋಪಕರಣ ಎಂಬ ಸಾಲಿನ ಮುಂದೆ ನಾನು ಬರೆದದ್ದು: ‘ಜೀವಂತ ಗಿನಿಪಿಗ್. ಅತ್ಯುತ್ತಮ ಆಯ್ಕೆ.’ ತರಗತಿ ನಿರ್ವಹಣೆಯ ಮುಂದೆ: ‘ಪ್ರಾಣಿಯೂ ಶಾಂತ, ಮಕ್ಕಳೂ ಶಾಂತ.’ ಅದರ ಕೆಳಗೆ: ‘ಅಪ್ರಸ್ತುತ ಪ್ರಶ್ನೆಯನ್ನು ಜಾಣ್ಮೆಯಿಂದ ನಿಭಾಯಿಸಿದ್ದಾರೆ.’ ಅಂಕ ಹತ್ತಕ್ಕೆ ಒಂಬತ್ತು.

ಈ ಮೂರು ಷರಾಗಳೂ ತಪ್ಪು ಎಂಬುದು ನನ್ನ ಈಗಿನ ಅಭಿಪ್ರಾಯ. ತಪ್ಪು ಪ್ರಶಿಕ್ಷಣಾರ್ಥಿಯದಲ್ಲ, ವೀಕ್ಷಕಳಾದ ನನ್ನದು. ಅದು ನನಗೆ ಅರ್ಥವಾದದ್ದು ಆ ಗಿನಿಪಿಗ್ಗನ್ನು ನಾನೇ ಸಾಕಬೇಕಾಗಿ ಬಂದ ಮೇಲೆ.

ಪ್ರಶಿಕ್ಷಣಾರ್ಥಿ ಅದನ್ನು ಪೇಟೆಯ ಅಂಗಡಿಯೊಂದರಿಂದ ಪಾಠಕ್ಕೆಂದೇ ಕೊಂಡು, ಶೂ ಡಬ್ಬಿಯಲ್ಲಿ ತೂತು ಕೊರೆದು ತಂದಿದ್ದಳು. ಐದು ‘ಇ’ಗಳ ಯೋಜನೆಯಲ್ಲಿ ಮೊದಲ ಹಂತಕ್ಕೆ, ಅಂದರೆ ತೊಡಗಿಸಿಕೊಳ್ಳುವಿಕೆಗೆ, ಅದು ನಿಜಕ್ಕೂ ಕೆಲಸ ಮಾಡಿತು. ಸಸ್ಯಾಹಾರಿಯ ಮುಂದಿನ ಹಲ್ಲು ತೋರಿಸಿದಳು, ಸೊಪ್ಪು ಕೊಟ್ಟಳು. ಅದು ತಿನ್ನಲಿಲ್ಲ, ಮೇಜಿನ ಮೇಲೆ ಕದಲದೆ ಕುಳಿತಿತ್ತು. “ನೋಡಿ ಎಷ್ಟು ಸಾಧು!” ಎಂದಳು. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ಕೇಳಿದ: “ಮಿಸ್, ಇದೊಂದೇ ಐತೇನ್ರಿ? ಇದರ ಜೊತೀದು ಎಲ್ಲೈತ್ರಿ?” ಅವನ ಮನೆಯಲ್ಲಿ ಕುರಿಗಳಿವೆ ಎಂದು ಆಮೇಲೆ ತಿಳಿಯಿತು. “ಅದನ್ನು ಆಮೇಲೆ ನೋಡೋಣ, ಈಗ ಹಲ್ಲು ಗಮನಿಸಿ” ಎಂದು ಆಕೆ ಮುಂದುವರಿದಳು. ಅದನ್ನೇ ನಾನು ಜಾಣ್ಮೆ ಎಂದು ಬರೆದೆ.

ಸಂಜೆ ಆಕೆ ಡಬ್ಬಿ ಹಿಡಿದು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದಳು. “ಮೇಡಂ, ಹಾಸ್ಟೆಲ್‌ನಲ್ಲಿ ಇಟ್ಟುಕೊಳ್ಳೋಕೆ ಬಿಡಲ್ಲ. ಅಂಗಡಿಯವರು ವಾಪಸ್ ತಗೊಳಲ್ಲ ಅಂತಾರೆ.” ಒಂಬತ್ತು ಅಂಕ ಕೊಟ್ಟವಳು ನಾನು, ಬೇಡ ಎನ್ನಲು ಬಾಯಿ ಬರಲಿಲ್ಲ. ಡಬ್ಬಿ ನಮ್ಮ ಮನೆಗೆ ಬಂತು. ಕಂದು ಬಣ್ಣದ ಆ ಹೆಣ್ಣಿಗೆ ಮಗಳು ‘ಬೆಲ್ಲ’ ಎಂದು ಹೆಸರಿಟ್ಟಳು. ವಯಸ್ಸು ನಾಲ್ಕು ತಿಂಗಳು ಎಂದು ಅಂಗಡಿಯವರು ಹೇಳಿದ್ದರಂತೆ.

ಹದಿನಾಲ್ಕು ವರ್ಷ ವಿಜ್ಞಾನ ಬೋಧನಾಶಾಸ್ತ್ರ ಕಲಿಸಿದವಳು ಆರು ತಿಂಗಳಲ್ಲಿ ಮಾಡಿದ ತಪ್ಪುಗಳನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ಆಹಾರ. ಗಿನಿಪಿಗ್ ಹೆಸರಿಗೆ ‘ಗಿನಿ ಹಂದಿ’. ಅದು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸೀಮೆಯ ಜನ ಸಾವಿರಾರು ವರ್ಷಗಳಿಂದ ಸಾಕಿದ, ಇಲಿ-ಅಳಿಲುಗಳ ಗುಂಪಿನ ಪ್ರಾಣಿ. ನನಗೆ ಅದು ಮೊಲದ ತಂಗಿಯಂತೆ ಕಂಡಿತು. ಮೊಲಕ್ಕೆ ಹಾಕುವ ಗುಳಿಗೆ ತಿಂಡಿ, ರಾಗಿ ಹುಲ್ಲು, ಸೌತೆಕಾಯಿ ಹಾಕಿದೆ. ಸೆಪ್ಟೆಂಬರ್ ಕೊನೆಗೆ ಬೆಲ್ಲ ಓಡಾಡುವುದನ್ನು ಬಿಟ್ಟಿತು. ಕೂದಲು ಒರಟಾಯಿತು, ಹಿಂಗಾಲಿನ ಕೀಲು ಮುಟ್ಟಿದರೆ ಕಿರುಚುತ್ತಿತ್ತು. ತಾಲ್ಲೂಕಿನ ಪಶು ವೈದ್ಯರು, “ಮೇಡಂ, ನಾನು ದನ-ಕುರಿ ನೋಡೋನು, ಒಂದು ಫೋನ್ ಮಾಡಿ ಕೇಳ್ತೀನಿ ಇರಿ” ಎಂದು ಪ್ರಾಮಾಣಿಕವಾಗಿ ಹೇಳಿ, ತಮ್ಮ ಗುರುಗಳನ್ನು ವಿಚಾರಿಸಿ ತಿಳಿಸಿದರು: ಸಿ ಜೀವಸತ್ವದ ಕೊರತೆ, ಸ್ಕರ್ವಿ.

ನನಗೆ ನಾಚಿಕೆಯಾದದ್ದು ಇಲ್ಲಿ. ಹೆಚ್ಚಿನ ಸಸ್ತನಿಗಳು ಸಿ ಜೀವಸತ್ವವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಅದು ಸಾಧ್ಯವಿಲ್ಲ, ಗಿನಿಪಿಗ್‌ಗೂ ಸಾಧ್ಯವಿಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದಾಗ ಸ್ಕರ್ವಿ ಕಾಣಿಸಿಕೊಂಡಿತು. ಆಹಾರದ ಕೊರತೆಯಿಂದ ಈ ರೋಗ ಬರುತ್ತದೆ ಎಂಬುದನ್ನು ಪ್ರಾಣಿಗಳಲ್ಲಿ ತೋರಿಸಲು ದಾರಿಯಾದದ್ದು ಅದೇ. ಈ ಕಥೆಯನ್ನು ನಾನೇ ತರಗತಿಯಲ್ಲಿ ಹೇಳಿದ್ದೇನೆ, ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೇನೆ. ಮನೆಯಲ್ಲಿ ಮೊಲದ ತಿಂಡಿ ಹಾಕುವಾಗ ನೆನಪಾಗಲಿಲ್ಲ. ತಿಳಿದದ್ದನ್ನು ಬೇರೆ ಸಂದರ್ಭಕ್ಕೆ ಅನ್ವಯಿಸುವುದು ಎಂದು ನಾವು ಗುರಿಯ ಪಟ್ಟಿಯಲ್ಲಿ ಬರೆಸುತ್ತೇವಲ್ಲ, ಅದು ಎಷ್ಟು ಕಷ್ಟ ಎಂದು ಆ ದಿನ ತಿಳಿಯಿತು. ವೈದ್ಯರು ಕೊಟ್ಟ ಹನಿ ಔಷಧಿ, ದಿನವೂ ದೊಣ್ಣೆ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಬೇಲಿಯ ಗರಿಕೆ. ಎರಡು ವಾರದಲ್ಲಿ ಬೆಲ್ಲ ಚೇತರಿಸಿಕೊಂಡಿತು.

ಎರಡನೆಯದು ಆ ‘ಶಾಂತ’. ಚೇತರಿಸಿಕೊಂಡ ಬೆಲ್ಲ ಶಾಂತವಾಗಿರಲೇ ಇಲ್ಲ. ಫ್ರಿಜ್ಜಿನ ಬಾಗಿಲ ಸದ್ದಾದರೆ ಸೀಟಿ ಹೊಡೆದಂತೆ ಕೂಗುತ್ತಿತ್ತು, ಖುಷಿಯಾದರೆ ನಿಂತಲ್ಲೇ ಎಗರುತ್ತಿತ್ತು. ಅಪರಿಚಿತರು ಬಂದರೆ ಮಾತ್ರ ಕಲ್ಲಿನಂತೆ ನಿಲ್ಲುತ್ತಿತ್ತು. ಬೇಟೆಗೆ ಗುರಿಯಾಗುವ ಪ್ರಾಣಿ ಹೆದರಿದಾಗ ಕದಲುವುದಿಲ್ಲ, ಮೇವನ್ನು ಮುಟ್ಟುವುದಿಲ್ಲ. ಅಂದು ಮೇಜಿನ ಮೇಲೆ ನಲವತ್ತು ಮುಖಗಳ ಮುಂದೆ ನಾನು ಕಂಡದ್ದು ಸಾಧುತನವಲ್ಲ, ಭಯ. ಅದೇ ಷರಾದ ಇನ್ನರ್ಧದ ಬಗ್ಗೆಯೂ ಆಮೇಲೆ ಯೋಚಿಸಿದೆ: ‘ಮಕ್ಕಳೂ ಶಾಂತ.’ ಎಷ್ಟು ತರಗತಿಗಳಲ್ಲಿ ಮಕ್ಕಳ ಅಲುಗದ ಮೌನವನ್ನು ಶಿಸ್ತು ಎಂದು ಬರೆದು ಪೂರ್ಣ ಅಂಕ ಕೊಟ್ಟಿದ್ದೇನೋ!

ಮೂರನೆಯದು ಆ ಹುಡುಗನ ಪ್ರಶ್ನೆ. ಗಿನಿಪಿಗ್ ಗುಂಪಿನಲ್ಲಿ ಬಾಳುವ ಪ್ರಾಣಿ, ಒಂದನ್ನೇ ಇಡಬಾರದು. ಸ್ವಿಟ್ಜರ್ಲೆಂಡಿನಲ್ಲಿ ಒಂಟಿಯಾಗಿ ಸಾಕುವುದನ್ನು ಕಾನೂನೇ ಒಪ್ಪುವುದಿಲ್ಲ. ಕುರಿ ಮೇಯಿಸುವ ಮನೆಯ ಹುಡುಗನಿಗೆ ಇದು ಪುಸ್ತಕವಿಲ್ಲದೆ ಗೊತ್ತಿತ್ತು. ನಾನು ತಡವಾಗಿ ತಿಳಿದುಕೊಂಡು, ಡಿಸೆಂಬರ್‌ನಲ್ಲಿ ಜೊತೆಗೊಂದನ್ನು ತಂದೆ. “ಇದೂ ಹೆಣ್ಣೇ” ಎಂದು ಅಂಗಡಿಯವರು ಕೊಟ್ಟರು. ನಾನು ವೈದ್ಯರಿಗೆ ತೋರಿಸಲಿಲ್ಲ.

ಅದು ಗಂಡಾಗಿತ್ತು. ಬೆಲ್ಲನಿಗೆ ಆಗ ಎಂಟು ತಿಂಗಳು. ಹೆಣ್ಣು ಗಿನಿಪಿಗ್ ಮೊದಲ ಸಲ ಹೆರುವುದು ಆರೇಳು ತಿಂಗಳ ವಯಸ್ಸು ಮೀರಿದ ಮೇಲಾದರೆ ಕಿಬ್ಬೊಟ್ಟೆಯ ಮೂಳೆಯ ಕೂಡುಜಾಗ ಬಿಗಿದುಕೊಂಡಿರುತ್ತದೆ, ಹೆರಿಗೆಯಲ್ಲಿ ಅಗಲವಾಗುವುದಿಲ್ಲ. ಇದನ್ನು ನಾನು ಓದಿದ್ದು ಅದರ ಹೊಟ್ಟೆ ದೊಡ್ಡದಾಗಿ ಕಂಡ ಮೇಲೆ. ಗರ್ಭದ ಅವಧಿ 59ರಿಂದ 72 ದಿನ. ದಿನ ಎಣಿಸಿದ್ದೇ ಬಂತು. ಮಾರ್ಚ್ ಮೊದಲ ವಾರ ಒಂದು ಮರಿ ಹುಟ್ಟಿತು, ಎರಡನೆಯದು ಹೊರಗೆ ಬರಲಿಲ್ಲ. ವೈದ್ಯರು ಕೈಲಾದದ್ದು ಮಾಡಿದರು. ಬೆಳಗಿನ ಜಾವ ಬೆಲ್ಲ ತೀರಿಕೊಂಡಿತು. ಹುಟ್ಟಿದ ಮರಿ ಮಾತ್ರ ಕಣ್ಣು ತೆರೆದುಕೊಂಡು, ಮೈತುಂಬ ಕೂದಲಿಟ್ಟುಕೊಂಡು, ಆ ದಿನವೇ ಗರಿಕೆಯ ತುದಿ ಕಚ್ಚಿ ನೋಡುತ್ತಿತ್ತು. ಸಿರಿಂಜಿನಲ್ಲಿ ಹಾಲು ಕುಡಿಸಿ ಅದನ್ನು ಉಳಿಸಿಕೊಂಡೆವು. ಅದೂ ಗಂಡು, ಈ ಸಲ ವೈದ್ಯರೇ ನೋಡಿ ಹೇಳಿದರು. ಈಗ ಅಪ್ಪ-ಮಗ ಎರಡೂ ನಮ್ಮ ಮನೆಯಲ್ಲಿವೆ.

ಇಷ್ಟು ಸ್ವಂತ ಕಥೆ ಹೇಳಿದ್ದಕ್ಕೆ ಕಾರಣವಿದೆ. ಇಂಟರ್ನ್‌ಶಿಪ್ ಬಂತೆಂದರೆ ಜೀವಂತ ಮಾದರಿ ತರುವ ಉತ್ಸಾಹ ಪ್ರತಿ ವರ್ಷ ಕಾಣುತ್ತದೆ: ಮೀನು, ಮೊಲ, ಲವ್‌ಬರ್ಡ್ಸ್, ಈಗ ಗಿನಿಪಿಗ್. ನಾವು ಅದನ್ನು ಚಾರ್ಟ್, ಫ್ಲ್ಯಾಷ್‌ಕಾರ್ಡ್‌ಗಳ ಸಾಲಿನಲ್ಲೇ ‘ಬೋಧನೋಪಕರಣ’ ಎಂದು ಬರೆಸಿ ಅಂಕ ಕೊಡುತ್ತೇವೆ. ಚಾರ್ಟನ್ನು ಪಾಠ ಮುಗಿದ ಮೇಲೆ ಸುತ್ತಿ ಬೀರುವಿನ ಮೇಲಿಡಬಹುದು. ಗಿನಿಪಿಗ್ ಐದರಿಂದ ಎಂಟು ವರ್ಷ ಬದುಕುತ್ತದೆ, ನಮ್ಮ ಬಿ.ಇಡಿ. ಎರಡು ವರ್ಷ, ಪಾಠ ನಲವತ್ತು ನಿಮಿಷ. ಈ ಲೆಕ್ಕ ಕೂಡಿಬರದಿದ್ದರೆ ಪ್ರಾಣಿಯನ್ನು ತರಗತಿಗೆ ತರಬಾರದು, ತಂದರೆ ನಾವು ಅಂಕ ಕೊಡಬಾರದು. ಇದು ನನ್ನ ನಿಲುವು.

ಒಬ್ಬ ಹಿರಿಯ ಸಹೋದ್ಯೋಗಿ ಇದನ್ನು ಒಪ್ಪಲಿಲ್ಲ. “ಹೀಗೆ ಹೆದರಿಸಿದರೆ ಎಲ್ಲರೂ ಚಾರ್ಟಿಗೇ ವಾಪಸ್ ಹೋಗ್ತಾರೆ ಮೇಡಂ. ಮಕ್ಕಳು ಮುಟ್ಟಿ ನೋಡದೆ ವಿಜ್ಞಾನ ಎಲ್ಲಿ?” ಎಂದರು. ಅವರ ಆತಂಕ ನಿಜ. ಆದರೆ ಮುಟ್ಟಿ ನೋಡಲು ಅಂಗಡಿಗೇ ಹೋಗಬೇಕಿಲ್ಲ. ನಮ್ಮ ಅಭ್ಯಾಸ ಶಾಲೆಗಳ ಅರ್ಧಕ್ಕೂ ಹೆಚ್ಚು ಮಕ್ಕಳ ಮನೆಯಲ್ಲಿ ಆಕಳು, ಮೇಕೆ, ಕೋಳಿ ಇವೆ. ಹಲ್ಲು, ಮೆಲುಕು, ಮೇವು ಎಲ್ಲವನ್ನೂ ಆ ಮಕ್ಕಳು ಮನೆಯಲ್ಲಿ ವಾರವಿಡೀ ಗಮನಿಸಿ ಬರೆದು ತಂದು ತರಗತಿಗೆ ಹೇಳಬಹುದು. ಪ್ರಾಣಿಯನ್ನು ಮಕ್ಕಳ ಬಳಿ ಎಳೆದು ತರುವ ಬದಲು ಮಕ್ಕಳನ್ನು ಪ್ರಾಣಿ ಇರುವಲ್ಲಿಗೆ ಕರೆದೊಯ್ಯುವುದು ವಿಜ್ಞಾನವೂ ಹೌದು, ಖರ್ಚೂ ಕಡಿಮೆ. ಜೀವಿಗಳಲ್ಲಿ ದಯೆ ಇರಬೇಕೆಂಬ ಮೂಲಭೂತ ಕರ್ತವ್ಯವನ್ನು ಸಂವಿಧಾನದ 51ಎ ವಿಧಿಯಿಂದ ಬಾಯಿಪಾಠ ಮಾಡಿಸುವವರು ನಾವೇ ಅಲ್ಲವೇ?

ಇಷ್ಟಾದ ಮೇಲೂ ಗಿನಿಪಿಗ್ಗನ್ನೇ ಸಾಕಬೇಕು ಎನ್ನುವವರಿಗೆ, ಮನೆಗಾಗಲಿ ಶಾಲೆಗಾಗಲಿ, ಬೇಡ ಎನ್ನುವುದಿಲ್ಲ. ಅದು ಅಚ್ಚರಿಯ ಪ್ರಾಣಿ. ಆದರೆ ಕೊಳ್ಳುವ ಮೊದಲು ಪಾಠ ಯೋಜನೆಯಷ್ಟೇ ಶ್ರದ್ಧೆಯಿಂದ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ:

1. ಎರಡು ಇವೆಯೇ? ಎರಡೂ ಒಂದೇ ಲಿಂಗದವು ಎಂದು ಅಂಗಡಿಯವರಲ್ಲ, ಪಶು ವೈದ್ಯರು ನೋಡಿ ಹೇಳಿದ್ದಾರೆಯೇ? ಗಂಡು ಮರಿ ಮೂರು ವಾರಕ್ಕೇ ಪ್ರಾಯಕ್ಕೆ ಬರಬಲ್ಲದು. ಹೆಣ್ಣು ಹೆತ್ತ ದಿನವೇ ಮತ್ತೆ ಗರ್ಭ ಧರಿಸಬಲ್ಲದು.

2. ಹಗಲೂ ರಾತ್ರಿ ಒಣಹುಲ್ಲು ಸಿಗುತ್ತದೆಯೇ? ಅದರ ಹಲ್ಲು ಜೀವನವಿಡೀ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಜಗಿದೇ ಸವೆಯಬೇಕು. ಜೊತೆಗೆ ದೇಹತೂಕದ ಕಿಲೋಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಸಿ ಜೀವಸತ್ವ ಯಾವುದರಿಂದ ಸಿಗುತ್ತದೆ ಎಂದು ಬರೆಯಿರಿ.

3. ಎರಡಕ್ಕೆ ಏಳೆಂಟು ಚದರ ಅಡಿ ನೆಲ, ಅಡಗಲು ಒಂದು ಗೂಡು ಇದೆಯೇ? ನಮ್ಮ ದಾವಣಗೆರೆ ಕಡೆಯ ಬಿಸಿಲಿಗೆ ಏನು ವ್ಯವಸ್ಥೆ? 27-28 ಡಿಗ್ರಿ ದಾಟಿದರೇ ಅದಕ್ಕೆ ಕಷ್ಟ. ನಾವು ತಂಪಾದ ಒಳಕೋಣೆಯಲ್ಲಿಟ್ಟು, ಗೂಡಿನ ಮೇಲೆ ನೆನೆಸಿದ ಗೋಣಿಚೀಲ ಹೊದಿಸುತ್ತೇವೆ.

4. ವಾರಕ್ಕೊಮ್ಮೆ ಯಾರು ತೂಗುತ್ತಾರೆ? ಅಡುಗೆಮನೆಯ ತಕ್ಕಡಿ ಸಾಕು. ತೂಕ ಇಳಿದರೆ ಅದು ರೋಗದ ಮೊದಲ ಸುದ್ದಿ. ಒಂದು ದಿನ ಮೇವು ಬಿಟ್ಟರೆ ಮರುದಿನಕ್ಕೆ ಕಾಯುವಂತಿಲ್ಲ. ಉಳಿದಿರುವ ನಮ್ಮ ಔಷಧಿಯನ್ನು ಕೊಡುವಂತೆಯೂ ಇಲ್ಲ. ಅಮಾಕ್ಸಿಸಿಲಿನ್‌ನಂಥ ಮಾತ್ರೆ ಅದರ ಪ್ರಾಣಕ್ಕೇ ಎರವಾಗುತ್ತದೆ.

5. ದಸರಾ ರಜೆಯಲ್ಲಿ, ಬೇಸಿಗೆ ರಜೆಯಲ್ಲಿ, ಕೋರ್ಸ್ ಮುಗಿದ ಮೇಲೆ ಅದು ಯಾರ ಮನೆಯಲ್ಲಿರುತ್ತದೆ? ಆ ವ್ಯಕ್ತಿಯ ಸಹಿ ಬೇಕು.

ಈ ಐದಕ್ಕೂ ಉತ್ತರ ಬರೆಯಲು ಕುಳಿತ ಪ್ರಶಿಕ್ಷಣಾರ್ಥಿಗೆ ಪೋಷಣೆ, ಸಂತಾನೋತ್ಪತ್ತಿ, ಹೊಂದಾಣಿಕೆ ಮೂರೂ ಘಟಕಗಳು ಒಟ್ಟಿಗೆ ತಿಳಿದಿರುತ್ತವೆ. ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಪ್ರಾಣಿ ಅಂಗಡಿಯಲ್ಲೇ ಉಳಿಯಲಿ. ಉತ್ತರ ಹುಡುಕಿದ್ದಕ್ಕೆ ಅಂಕ ಕೊಡೋಣ.

ನಮ್ಮ ವೀಕ್ಷಣಾ ನಮೂನೆಗೆ ಎರಡು ಸಾಲು ಸೇರಿಸಬೇಕೆಂಬುದು ನನ್ನ ಇನ್ನೊಂದು ಸಲಹೆ. ಒಂದು: ಜೀವಂತ ಪ್ರಾಣಿ ತಂದಿದ್ದರೆ, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ? ಇನ್ನೊಂದು: ಯೋಜನೆಯಲ್ಲಿ ಇಲ್ಲದ ಯಾವ ಪ್ರಶ್ನೆಯನ್ನು ಮಕ್ಕಳು ಕೇಳಿದರು? ಆ ಪ್ರಶ್ನೆಯನ್ನು ಹಾಗೇ, ಮಗುವಿನ ಮಾತಿನಲ್ಲೇ ಬರೆದುಕೊಳ್ಳಬೇಕು. ಪ್ರಸ್ತುತವೋ ಅಪ್ರಸ್ತುತವೋ ಎಂದು ಕೂಡಲೇ ತೀರ್ಮಾನಿಸುವ ಆತುರ ಬೇಡ.

ಮರುವರ್ಷ ಹೊಸ ತಂಡದೊಂದಿಗೆ ಅದೇ ಶಾಲೆಗೆ ಹೋಗಿದ್ದೆ. ಎಂಟನೆಯ ತರಗತಿಗೆ ಬಂದಿದ್ದ ಆ ಹುಡುಗ ನನ್ನ ಗುರುತು ಹಿಡಿದು ಓಡಿ ಬಂದ. “ಮಿಸ್, ಅದಕ್ಕೆ ಜೋಡಿ ಸಿಕ್ತೇನ್ರಿ?” ನಡೆದದ್ದನ್ನು ಮರೆಮಾಚದೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಪ್ಪನ್ನ ಕೇಳಿದ್ರೆ ಗಂಡೋ ಹೆಣ್ಣೋ ನೋಡಿ ಹೇಳ್ತಿದ್ದ ಬಿಡ್ರಿ” ಎಂದ.

ಹಳೆಯ ಪುಟದ ಅಂಕವನ್ನು ನಾನು ತಿದ್ದಲಿಲ್ಲ. ಪ್ರಶಿಕ್ಷಣಾರ್ಥಿಗೆ ಸಂದದ್ದು ಸಂದಾಯಿತು. ‘ಅಪ್ರಸ್ತುತ ಪ್ರಶ್ನೆ’ ಎಂಬುದನ್ನು ಮಾತ್ರ ಹೊಡೆದು ಹಾಕಿ, ಅವನು ಕೇಳಿದ್ದನ್ನು ಅವನ ಮಾತಿನಲ್ಲೇ ಪಕ್ಕದಲ್ಲಿ ಬರೆದಿದ್ದೇನೆ. ಈ ವರ್ಷ ಪಾಠ ವೀಕ್ಷಣೆಗೆ ಹೊರಡುವ ಸಹೋದ್ಯೋಗಿಗಳು ಹಿಂದಿನ ಬೆಂಚಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಳ್ಳಲಿ ಎಂದು ಕೋರುತ್ತೇನೆ.