ಲೇಸರ್ ಚಿಕಿತ್ಸೆ: ಯಂತ್ರಕ್ಕಿಂತ ಮೊದಲು ಚರ್ಮದ ಬಣ್ಣ ನೋಡಿ

ಕಳೆದ ವರ್ಷ ನಮ್ಮ ಶಾಖೆಯ ಕೌಂಟರಿಗೆ ಪರಿಚಯದ ಹೊಟೇಲಿಗರೊಬ್ಬರು ಎಫ್.ಡಿ. ಮುರಿಸಲು ಬಂದರು. ಅವಧಿ ಮುಗಿಯಲು ನಾಲ್ಕೇ ತಿಂಗಳಿತ್ತು. "ಬಡ್ಡಿ ನಷ್ಟವಾಗ್ತದಲ್ಲ ಅಣ್ಣ, ಸ್ವಲ್ಪ ತಡೆಯಬಾರದೇ?" ಎಂದೆ. "ತಡೆಯುವುದು ಎಲ್ಲಿಂದ ಮಾರಾಯ್ರೆ, ಮಗಳ ಮದುವೆಗೆ ಇನ್ನು ಒಂದೂವರೆ ತಿಂಗಳು. ಮುಖದ ಮೊಡವೆ ಗುಳಿಗೆ ಲೇಸರ್ ಮಾಡಿಸ್ಬೇಕಂತೆ. ಮೂರು ಸಿಟಿಂಗ್, ಪೂರ್ತಿ ಹಣ ಮೊದಲೇ ಕಟ್ಬೇಕಂತೆ" ಎಂದರು. ನಾನು ಫಾರ್ಮ್ ಕೊಟ್ಟೆ. ಮೊದಲ ಸಿಟಿಂಗ್ ಆದ ಮೂರು ವಾರಕ್ಕೆ ಹುಡುಗಿಯ ಎರಡೂ ಕೆನ್ನೆಗಳಲ್ಲಿ ಯಂತ್ರ ತಾಗಿದ ಕಡೆಯೆಲ್ಲ ಕಪ್ಪು ಚುಕ್ಕೆಗಳು ಸಾಲಾಗಿ ಮೂಡಿದವು. ಮದುವೆಯ ಫೋಟೋಗಳಲ್ಲಿ ಮೇಕಪ್ಪಿನ ಅಡಿಯಲ್ಲೂ ಅವು ಕಾಣುತ್ತವೆ.

ನಾನು ವೈದ್ಯನಲ್ಲ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ಗುಮಾಸ್ತ. ಆದರೆ ಆ ಫಾರ್ಮ್ ಕೊಟ್ಟದ್ದು ನನ್ನದೇ ಕೈಯಾದುದರಿಂದ ಈ ವಿಷಯವನ್ನು ಓದಿ, ಬಲ್ಲವರಲ್ಲಿ ಕೇಳಿ ತಿಳಿದುಕೊಂಡೆ. ಮುಂಬಯಿ ಉಪನಗರಗಳಲ್ಲಿ ಸ್ಟೇಶನ್ನಿನಿಂದ ಹೊರಗೆ ಕಾಲಿಟ್ಟರೆ ಇಂಥ ಕ್ಲಿನಿಕ್ಕುಗಳ ಬೋರ್ಡು ಕಾಣುವ ಕಾಲವಿದು. ನಮ್ಮ ಸಂಘಗಳ ಅರಸಿನ ಕುಂಕುಮ ಕಾರ್ಯಕ್ರಮದಲ್ಲೂ 'ಮದುವೆ ಪ್ಯಾಕೇಜ್'ನ ಕರಪತ್ರ ಹಂಚಿದ್ದನ್ನು ನೋಡಿದ್ದೇನೆ. ಆದುದರಿಂದ ಬಾಂಧವರೊಡನೆ ನಾಲ್ಕು ಮಾತು ಹಂಚಿಕೊಳ್ಳುವುದು ಸೂಕ್ತವೆನಿಸಿತು.

ಲೇಸರ್ ಎಂಬುದು ಒಂದೇ ಚಿಕಿತ್ಸೆಯಲ್ಲ. ಎಲ್ಲಕ್ಕಿಂತ ಹಳೆಯದೂ ಬಲವಾದುದೂ ಕಾರ್ಬನ್ ಡೈ ಆಕ್ಸೈಡ್ ಲೇಸರ್. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ಕಂಡುಹಿಡಿದ ಕುಮಾರ್ ಪಟೇಲ್ ಹುಟ್ಟಿದ್ದು ಬಾರಾಮತಿಯಲ್ಲಿ, ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ ಎಂಬುದು ಇಲ್ಲಿನ ನಮಗೆ ಹೆಮ್ಮೆಯ ವಿಷಯ. 10,600 ನ್ಯಾನೋಮೀಟರಿನ ಇದರ ಕಿರಣವನ್ನು ಚರ್ಮದಲ್ಲಿರುವ ನೀರು ಹೀರಿಕೊಳ್ಳುತ್ತದೆ. ಮೇಲ್ಪದರ ಆವಿಯಾಗುತ್ತದೆ, ಕಾವು ಒಳಗಿಳಿದು ಹೊಸ ಕೊಲಾಜೆನ್ ಬೆಳೆಯುವಂತೆ ಮಾಡುತ್ತದೆ. ಆಳವಾದ ಗುಳಿಗೆ, ಸುಕ್ಕಿಗೆ ಇದರ ಪರಿಣಾಮ ದೊಡ್ಡದು, ಗಾಯವೂ ಅಷ್ಟೇ ದೊಡ್ಡದು. ಮುಖಪೂರ್ತಿ ಮಾಡಿಸಿದರೆ ಒಂದೆರಡು ವಾರ ಹಸಿ ಗಾಯ, ಆಮೇಲೆ ತಿಂಗಳುಗಟ್ಟಲೆ ಕೆಂಪು.

ಅರ್ಬಿಯಂ ಯಾಗ್ ಎಂಬ ಇನ್ನೊಂದರ ಕಿರಣ 2,940 ನ್ಯಾನೋಮೀಟರಿನದು. ಇದನ್ನು ನೀರು ಹತ್ತು ಪಟ್ಟಿಗಿಂತಲೂ ಹೆಚ್ಚು ಹೀರುವುದರಿಂದ ಕಾವು ಮೇಲೆಯೇ ಮುಗಿದು, ಗಾಯ ಬೇಗ ಮಾಯುತ್ತದೆ. ಆದರೆ ಚರ್ಮ ಬಿಗಿಯಾಗುವುದೂ ಕಡಿಮೆ.

2004ರಲ್ಲಿ ಹಾರ್ವರ್ಡಿನ ವೈದ್ಯರು 'ಫ್ರ್ಯಾಕ್ಷನಲ್' ವಿಧಾನವನ್ನು ಮುಂದಿಟ್ಟ ಮೇಲೆ ಚಿತ್ರವೇ ಬದಲಾಯಿತು. ಇಡೀ ಗದ್ದೆ ಉಳುವುದಕ್ಕೂ, ಸಸಿ ನೆಡಲು ಅಲ್ಲಲ್ಲಿ ಗುಳಿ ತೋಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ. ಕಿರಣ ಸೂಜಿಮೊನೆಯಷ್ಟು ಜಾಗಗಳಲ್ಲಿ ಮಾತ್ರ ಇಳಿಯುತ್ತದೆ, ನಡುವಿನ ಮುಟ್ಟದ ಚರ್ಮ ಗಾಯವನ್ನು ಬೇಗ ಮುಚ್ಚುತ್ತದೆ. ಇದರಲ್ಲೂ ಎರಡು ಬಗೆ. ಫ್ರ್ಯಾಕ್ಷನಲ್ ಕಾರ್ಬನ್ ಡೈ ಆಕ್ಸೈಡ್ ಚರ್ಮವನ್ನು ಸುಟ್ಟು ತೂತು ಮಾಡುತ್ತದೆ. 1,550 ನ್ಯಾನೋಮೀಟರಿನಂಥದು ಮೇಲ್ಪದರ ತೆಗೆಯದೆ ಒಳಗೆ ಕಾಯಿಸುತ್ತದೆ. ಎರಡನೆಯದಕ್ಕೆ ಹೆಚ್ಚು ಸಿಟಿಂಗ್ ಬೇಕು, ಫಲ ನಿಧಾನ, ಅಪಾಯವೂ ಕಡಿಮೆ. ಕರಪತ್ರದಲ್ಲಿ ಇವೆಲ್ಲಕ್ಕೂ 'ಅಡ್ವಾನ್ಸ್‌ಡ್ ಲೇಸರ್' ಎಂಬ ಒಂದೇ ಹೆಸರು!

ನಮ್ಮವರು ಮುಖ್ಯವಾಗಿ ಗಮನಿಸಬೇಕಾದುದು ಚರ್ಮದ ಬಣ್ಣವನ್ನು. ಅಮೆರಿಕದ ಚರ್ಮವೈದ್ಯ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ ವರ್ಗೀಕರಣ ಈಗ ಆರು ದರ್ಜೆಗಳಲ್ಲಿ ಬಳಕೆಯಲ್ಲಿದೆ. ನಮ್ಮಲ್ಲಿ ಹೆಚ್ಚಿನವರು ನಾಲ್ಕು, ಐದನೆಯ ದರ್ಜೆಯವರು. ಸೊಳ್ಳೆ ಕಚ್ಚಿದ್ದನ್ನು ಕೆರೆದರೂ ಕಪ್ಪು ಕಲೆ ಉಳಿಯುವ ಚರ್ಮ ನಮ್ಮದು. ಲೇಸರಿನ ಕಾವಿಗೂ ಅದು ಹಾಗೆಯೇ ಉತ್ತರಿಸುತ್ತದೆ. ಬಿಳಿಯರ ಮುಖಕ್ಕೆ ಹೊಂದಿಸಿದ ಶಕ್ತಿಯನ್ನೇ ಇಲ್ಲಿ ಹಾಯಿಸಿದರೆ ಕಪ್ಪಾಗುವ ಸಂಭವ ಬಹಳ. ಈ ಕಪ್ಪು ಹೆಚ್ಚಾಗಿ ತಿಂಗಳುಗಳಲ್ಲಿ ಇಳಿಯುತ್ತದೆ. ಆದರೆ ಪೂರ್ಣ ಕಾರ್ಬನ್ ಡೈ ಆಕ್ಸೈಡ್ ಚಿಕಿತ್ಸೆಯ ನಂತರ ತಡವಾಗಿ ಬರುವ ಬಿಳಿಚು ಶಾಶ್ವತವಾಗಿ ಉಳಿಯಲೂಬಹುದು. ಬಂಗು ಇದ್ದವರಿಗೆ ಕಾವಿನಿಂದ ಬಂಗು ಹೆಚ್ಚಾಗಬಹುದು. ಗಾಯ ಉಬ್ಬಿ ಬೆಳೆಯುವ ಕೆಲಾಯ್ಡ್ ಸ್ವಭಾವದವರು, ತುಟಿಯಂಚಿನಲ್ಲಿ ಹರ್ಪಿಸ್ ಗುಳ್ಳೆ ಏಳುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಿನ್ನುತ್ತಿರುವವರು ಮೊದಲೇ ವೈದ್ಯರಿಗೆ ಹೇಳಲೇಬೇಕು. ಆ ಹುಡುಗಿಯಲ್ಲಿ ಇದಾವುದನ್ನೂ ಯಾರೂ ಕೇಳಿರಲಿಲ್ಲ. ಕಿವಿಯ ಹಿಂದೆ ಸಣ್ಣ ಜಾಗದಲ್ಲಿ ಪರೀಕ್ಷಿಸಿ ಕೆಲವು ವಾರ ಕಾಯುವ ಕ್ರಮವನ್ನೂ ಪಾಲಿಸಲಿಲ್ಲ. ಕಾಯಲು ಮದುವೆಯ ದಿನವೂ ಬಿಡುತ್ತಿರಲಿಲ್ಲ ಎನ್ನಿ. ಮಾಡಿಸಿದ ಮರುವಾರವೇ ಅವಳು ಮೇ ತಿಂಗಳ ಬಿಸಿಲಿನಲ್ಲಿ ಆಮಂತ್ರಣ ಪತ್ರಿಕೆ ಹಂಚಲು ತಿರುಗಿದ್ದಳು.

ಯಂತ್ರ ಹಿಡಿದವರು ಯಾರು ಎಂಬ ಪ್ರಶ್ನೆಯೂ ಇದೆ. ಬಿಳಿ ಕೋಟು ಹಾಕಿದವರೆಲ್ಲ ಚರ್ಮವೈದ್ಯರಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2019ರ 34ನೇ ಸೆಕ್ಷನ್ ಪ್ರಕಾರ ನೋಂದಣಿಯಿಲ್ಲದೆ ವೈದ್ಯವೃತ್ತಿ ಮಾಡಿದವರಿಗೆ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ ಇದೆ. ವೈದ್ಯರ ನೋಂದಣಿ ಸಂಖ್ಯೆ ಕೇಳುವುದು ಅವಮಾನವೇನೂ ಅಲ್ಲ. ನಾವು ಬ್ಯಾಂಕಿನಲ್ಲಿ ದಿನವೂ ಗ್ರಾಹಕರ ಪಾನ್ ಕಾರ್ಡ್ ಕೇಳುವುದಿಲ್ಲವೇ?

ಹಣದ ಮಾತು ನನಗೆ ಸ್ವಲ್ಪ ತಿಳಿದದ್ದು. ಆರೋಗ್ಯ ವಿಮೆಯಲ್ಲಿ ಸೌಂದರ್ಯ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ, ಹಾಗಾಗಿ ಕ್ಲೇಮ್ ಸಿಗುವುದಿಲ್ಲ. ಕಂತಿನ ಸೌಲಭ್ಯ ಎಂದು ಕ್ಲಿನಿಕ್ಕಿನವರು ಸಹಿ ಹಾಕಿಸುವುದು ಸಾಲದ ಪತ್ರಕ್ಕೆ. ಚಿಕಿತ್ಸೆ ಅರ್ಧಕ್ಕೆ ನಿಂತರೂ ಕಂತು ನಿಲ್ಲದು. ಆದುದರಿಂದ ಒಂದೊಂದು ಸಿಟಿಂಗಿಗೆ ಒಂದೊಂದು ಸಲ ಹಣ ಕೊಡುವುದೇ ಲೇಸು, ರಿಯಾಯಿತಿ ತಪ್ಪಿದರೂ ಚಿಂತೆಯಿಲ್ಲ. ಹಣ ಪಡೆದು ಮಾಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಕಾಯ್ದೆಯಡಿ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಕಾಗದ ಬೇಕು. ಯಾವ ಯಂತ್ರ, ಎಷ್ಟು ಶಕ್ತಿ, ಮಾಡಿದ ವೈದ್ಯರು ಯಾರು ಎಂಬುದನ್ನು ಬರೆಯಿಸಿ ತೆಗೆದುಕೊಳ್ಳಬೇಕು. ಮೊದಲ ದಿನದ ಫೋಟೋವೂ ಬೇಕು.

ಹುಡುಗಿಯ ಕೆನ್ನೆ ಎಂಟು ತಿಂಗಳಲ್ಲಿ ಬಹುಮಟ್ಟಿಗೆ ತಿಳಿಯಾಗಿದೆ. ಮೊಡವೆಯ ಗುಳಿಗಳು ಹಾಗೆಯೇ ಇವೆ. ಅಪ್ಪ ಮೊನ್ನೆ ಬ್ಯಾಂಕಿಗೆ ಬಂದಾಗ ಆ ರಶೀದಿ ತೋರಿಸಿದರು. 'ಲೇಸರ್ ಪ್ಯಾಕೇಜ್ - 3' ಎಂದು ಮಾತ್ರ ಇದೆ. ವೈದ್ಯರ ಹೆಸರಿಲ್ಲ, ಯಂತ್ರದ ಹೆಸರಿಲ್ಲ. ಮಾಡಿಸದೆ ಉಳಿದ ಎರಡು ಸಿಟಿಂಗಿನ ಹಣಕ್ಕೆ ಅವರು ಈಗಲೂ ಓಡಾಡುತ್ತಿದ್ದಾರೆ.