ನಡುವಿನ ಮನಿ ಬಿಟ್ಟರ ತಪ್ಪೇನ್ರಿ?

ಹೋದ ವಾರ ಬೈಲಹೊಂಗಲದ ಒಂದು ಚೆಸ್ ಕ್ಲಾಸಿನಲ್ಲಿ ನನ್ನ ತಂಗಿಯ ಮಗ ಕಪ್ಪು ಕಾಯಿ ಹಿಡಿದಿದ್ದ. ನಡುವಿನ ಪದಾತಿಯನ್ನು ಕೊಟ್ಟು ಕೊಂಡು, ಒಂಟೆಯನ್ನು ಜಿ7ಕ್ಕೆ ಸರಿಸಿದ. "ಲೇ, ನಡುವಿನ ಮನಿ ಬಿಟ್ಟು ಮೂಲ್ಯಾಗ ಏನ್ ಮಾಡ್ತಿ? ಅಂಜುಬುರುಕ!" ಅಂತ ಮಾಸ್ತರು ಎಲ್ಲರ ಮುಂದೆ ಬೈದರು. ಈಗ ಹುಡುಗ ಕ್ಲಾಸಿಗೇ ಹೋಗಲ್ಲ ಅಂತಾನೆ.

ಮಾಸ್ತರ, ಅದು ಅಂಜಿಕೆ ಅಲ್ರೀ, ಲೆಕ್ಕ. ಬಿಳಿಯವನು ನಡುವೆ ಪದಾತಿಗಳನ್ನು ಸಾಲಾಗಿ ನಿಲ್ಲಿಸಲಿ, ಅವನ್ನು ಕಾಯುವ ಹೊರೆಯೂ ಅವನದೇ. ಜಿ7ರ ಒಂಟೆ ದೂರದಿಂದಲೇ ಡಿ4ರ ಪದಾತಿಯ ಮೇಲೆ ಕಣ್ಣಿಟ್ಟಿರುತ್ತೆ. ಹೊತ್ತು ನೋಡಿ ಸಿ5 ಪದಾತಿಯಿಂದ ಪಕ್ಕದಿಂದ ಗುದ್ದಬೇಕು. ಗುದ್ದದೆ ಕೂತರೆ ಉಸಿರುಗಟ್ಟಿ ಸಾಯ್ತೀವಿ, ಒಪ್ಪಿದೆ. ಹಾಗಾದರೆ ಯಾವಾಗ ಗುದ್ದಬೇಕು ಅಂತ ಕಲಿಸಿ, ಬೈಬೇಡಿ.

1922ರಲ್ಲಿ ವಿಯೆನ್ನಾದಲ್ಲಿ ಗ್ರುನ್‌ಫೆಲ್ಡ್ ಇದೇ ವರಸೆಯಿಂದ ಅಲೆಖೈನ್‌ರನ್ನು ಸೋಲಿಸಿದರು, ವರಸೆಗೆ ಅವರ ಹೆಸರೇ ನಿಂತಿತು. ಆದರೆ 1855ರಲ್ಲೇ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ, ಕಲ್ಕತ್ತಾದ ಬ್ಯಾರಿಸ್ಟರ್ ಕಾಕ್ರೇನ್ ಎದುರು ಇದನ್ನಾಡಿದ್ದರು, ಆ ಆಟ ಸೋತರೂ ಸರಿ! ನಮ್ಮ ಹಳೇ ಆಟದಲ್ಲಿ ಪದಾತಿ ಮೊದಲಿಗೂ ಒಂದೇ ಮನೆ ನಡೀತಿತ್ತಲ್ಲ, ಆ ರೂಢಿಯೇ ಇರಬೇಕು.

1824ರಲ್ಲಿ ಕಿತ್ತೂರು ಕೋಟೆ ಬಿದ್ದ ಮೇಲೆ ರಾಯಣ್ಣ ಕಾಡಿನಿಂದ ಬಂದು ಬಂದು ಹೊಡೆದ. ಅದನ್ನೂ ಅಂಜುಬುರುಕತನ ಅಂತೀರೇನ್ರಿ?