ಹಳೆಯ ದೋಣಿ, ಹೊಸ ಬಣ್ಣ

ಮುಂಬಯಿಯ ಸಮುದ್ರ ನೋಡಿ ನೋಡಿ ನಮಗೂ ಮೋಟಾರು ದೋಣಿಯ ಹುಚ್ಚು ಹಿಡಿಯಿತು. ವರ್ಸೋವಾದಲ್ಲಿ 20 ವರ್ಷದ ಫೈಬರ್ ದೋಣಿಯೊಂದು ಮಾರಾಟಕ್ಕಿತ್ತು. ಹೊಸ ಬಣ್ಣ, ಅಗ್ಗದ ಬೆಲೆ. ಕೆಳಗಿನ ಮನೆಗೆ ಸೋರುವ ನಮ್ಮ ಬಚ್ಚಲಿನ ರಿಪೇರಿಗೆಂದು ಕೂಡಿಟ್ಟ ಹಣವನ್ನೇ ಮುಂಗಡಕ್ಕೆ ಒಯ್ದಿದ್ದೆವು.

ಸಂಗಡ ಬಂದಿದ್ದ ಮಲ್ಪೆ ಕಡೆಯ ವೃದ್ಧ ಮೆಕ್ಯಾನಿಕರು ಮೊದಲು ಎಂಜಿನನ್ನು ಮುಟ್ಟಿ ನೋಡಿದರು. ಬೆಚ್ಚಗಿತ್ತು. "ನಾವು ಬರುವ ಮೊದಲೇ ಓಡಿಸಿಟ್ಟಿದ್ದಾರೆ. ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆಂದು ನೋಡಬೇಕು, ಮಾರಾಯ್ರೆ!" ಬಳಿಕ ಎಂಜಿನು ಕೂರುವ ಹಿಂಬದಿಯ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋದರು. ಟಕ್, ಟಕ್, ಒಂದೆಡೆ ದಬ್! ಫೈಬರಿನೊಳಗಿನ ಮರ ನೀರು ಕುಡಿದು ಕೊಳೆತಿತ್ತು. ನೋಂದಣಿಯೂ ಹಿಂದಿನ ಯಜಮಾನನ ಹೆಸರಿನಲ್ಲೇ.

ನಮಸ್ಕಾರ ಹೇಳಿ ಹೊರಟೆವು. ಬಚ್ಚಲು ರಿಪೇರಿಯಾಯಿತು. ಹುಚ್ಚು ಬಿಟ್ಟಿಲ್ಲ, ಆ ಸುತ್ತಿಗೆಯನ್ನು ಕಡ ಕೇಳಿದ್ದೇವೆ.